ಒಂದೇ ಕಣ್ಣು ಕೆಂಪಾದಾಗ

ಶೆಡ್ಡಿನಲ್ಲಿ ಆ ದಿನ ಕಾಲಿಡಲು ಜಾಗವಿರಲಿಲ್ಲ. ಶಾಲೆಯೊಂದರ ಮೆಟ್ಟಿಲಿಗೆ ಹಾಕುವ ಕಬ್ಬಿಣದ ಕಂಬಿಗಳು ಗೋಡೆಯುದ್ದಕ್ಕೂ ಒರಗಿದ್ದವು, ನಾಲ್ಕು ದಿನದಲ್ಲಿ ಕೆಲಸ ಮುಗಿಯಬೇಕಿತ್ತು. ಕೈಚಳಕಕ್ಕೂ ಮುಂಗೋಪಕ್ಕೂ ಸೇರಿ ‘ಕಿಡಿ’ ಎಂದೇ ಹೆಸರಾದ ವೆಲ್ಡರ್ ಮಾತ್ರ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಕೂತಿದ್ದ.

“ಮತ್ತೆ ಬಂತೇನೋ?” ಎನ್ನುತ್ತ ಮೇಸ್ತ್ರಿ ಕಣ್ಣಿಗೆ ಹಾಕುವ ಹನಿಯ ಬಾಟಲಿ ತಂದ. “ವೆಲ್ಡರ್ ಕಣ್ಣು ಕೆಂಪಾಗದೆ ಇನ್ನೇನು ಹಸಿರಾಗುತ್ತಾ? ನಾವೆಲ್ಲಾ ಹಾಕ್ಕೊಂಡೇ ಬಂದಿದ್ದೀವಿ. ತಲೆ ಎತ್ತು.”

ಆ ಬಾಟಲಿ ಇಡೀ ಶೆಡ್ಡಿನ ಆಸ್ತಿ. ಖಾಲಿಯಾದರೆ ಔಷಧಿ ಅಂಗಡಿಯವನು ಚೀಟಿ ಕೇಳದೆ ಇನ್ನೊಂದು ಕೊಡುತ್ತಿದ್ದ. ಹನಿ ಬಿದ್ದರೆ ಎರಡು ದಿನದಲ್ಲಿ ಕೆಂಪು ಇಳಿಯುತ್ತಿತ್ತು, ಇಳಿದ ತಕ್ಷಣ ಕಿಡಿ ಅದನ್ನು ಮರೆಯುತ್ತಿದ್ದ. ವರ್ಷದಲ್ಲಿ ಇದು ನಾಲ್ಕನೆಯ ಸಲ. ಈ ಸಲ ಬೆಸುಗೆಯ ಗೆರೆಯೇ ಮಂಜಾಗಿ ಕಾಣುತ್ತಿತ್ತು. ಹೇಳಿದರೆ ಕೆಲಸ ಕೈತಪ್ಪೀತೆಂದು ಅವನು ಅದನ್ನು ಮುಚ್ಚಿಟ್ಟು ಹನಿ ಹಾಕಿಸಿಕೊಂಡ.

ಮಧ್ಯಾಹ್ನ ಊಟಕ್ಕೆ ಹೋದಾಗ ಹೆಂಡತಿಯ ಮುಂದೆ ಈ ಆಟ ನಡೆಯಲಿಲ್ಲ.

“ರೀ, ಕರೆಂಟಿಲ್ಲ ಅಂತ ನಿನ್ನೆವರೆಗೂ ಮೂರು ದಿನ ಶೆಡ್ಡಿಗೆ ಬೀಗ ಇತ್ತು. ನೀವು ಮೆಷಿನ್ನೇ ಮುಟ್ಟಿಲ್ಲ. ನಿನ್ನೆ ಮನೇಲಿ ಕೂತಿದ್ದಾಗ ಕಣ್ಣು ಕೆಂಪಾಯ್ತು. ವೆಲ್ಡಿಂಗ್ ಬೆಳಕು ವಿಳಾಸ ಕೇಳ್ಕೊಂಡು ಮನೆಗೆ ಬಂತಾ?”

“ಮೇಸ್ತ್ರಿ ಹೇಳಿದ್ರು...”

“ಮೇಸ್ತ್ರಿ ಕಣ್ಣಿನ ಡಾಕ್ಟರ್ ಆಗಿದ್ದು ಯಾವಾಗ?”

ಅವನು ಕಣ್ಣಾಸ್ಪತ್ರೆಗೆಂದು ಚಪ್ಪಲಿ ಮೆಟ್ಟಿಕೊಂಡ. ಅವಳೂ ಹಿಂದೆಯೇ ಹೊರಟಳು, ದಾರಿಯಲ್ಲಿ ಇವನು ಶೆಡ್ಡಿನ ಕಡೆ ತಿರುಗಿಬಿಟ್ಟರೆ ಎಂಬ ಅನುಮಾನ ಅವಳಿಗೆ.

ಕಣ್ಣಾಸ್ಪತ್ರೆಯ ಡಾಕ್ಟರ್ ಇನ್ನೂ ಚಿಕ್ಕ ವಯಸ್ಸಿನವಳು. ಯಂತ್ರದ ಮೇಲೆ ಅವನ ಗದ್ದ ಇರಿಸಿ ಬಹಳ ಹೊತ್ತು ನೋಡಿದಳು. “ಒಂದು ಸಲಕ್ಕೆ ಒಂದೇ ಕಣ್ಣಾ ಕೆಂಪಾಗೋದು?”

“ಹೌದು ಮೇಡಂ. ಮೂರು ಸಲ ಬಲಗಡೆ, ಒಂದ್ಸಲ ಎಡಗಡೆ.”

“ವೆಲ್ಡಿಂಗ್ ಬೆಳಕು ಹೊಡೆದ್ರೆ ಸಾಮಾನ್ಯವಾಗಿ ಎರಡೂ ಕಣ್ಣು ಉರಿಯುತ್ತೆ.” ಅವಳ ಕುರ್ಚಿ ಮುಂದಕ್ಕೆ ಸರಿಯಿತು, ದನಿಯಲ್ಲಿ ಹುರುಪು ಬಂತು. “ಬೆಳಗ್ಗೆ ಏಳುವಾಗ ಸೊಂಟ ಹಿಡ್ಕೊಂಡಿರುತ್ತಾ?”

ಕಿಡಿ ಬೆಚ್ಚಿದ. ಕಣ್ಣು ತೋರಿಸಲು ಬಂದರೆ ಸೊಂಟದ ಸುದ್ದಿ! “ಹಲಗೆ ಥರ ಆಗಿರುತ್ತೆ. ಒಂದು ಗಂಟೆ ಓಡಾಡಿದ್ರೆ ಬಿಡುತ್ತೆ. ಬಗ್ಗಿ ಮಾಡೋ ಕೆಲಸ ಅಲ್ವಾ, ಅದಕ್ಕೇ...”

“ಕೆಲಸದ ನೋವು ಮಲಗಿದ್ರೆ ಇಳಿಯುತ್ತೆ. ನಿಮ್ದು ಮಲಗಿದ್ರೆ ಏರುತ್ತೆ!”

“ಐದು ವರ್ಷದಿಂದ ಬಡ್ಕೊಳ್ತಿದ್ದೀನಿ ಡಾಕ್ಟ್ರೇ,” ಎಂದಳು ಹೆಂಡತಿ.

“ರೋಗ ಎರಡಲ್ಲಮ್ಮ, ಒಂದೇ ಅನ್ಸುತ್ತೆ. ನಮ್ಮನ್ನ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ನಮ್ಮ ಮೇಲೆ ತಿರುಗಿಬಿದ್ದಿದೆ. ಸೊಂಟದ ಕೀಲಲ್ಲೂ ಕಣ್ಣೊಳಗೂ ಅದೇ ಉರಿಯೂತ. ರಕ್ತ ಪರೀಕ್ಷೆ, ಎಕ್ಸ್‌ರೇ ಮಾಡಿಸಿ ಖಚಿತ ಮಾಡ್ಕೊಳ್ಳೋಣ.”

ಕಿಡಿಗೆ ಭಯವೂ ಹೌದು, ಇಷ್ಟು ವರ್ಷದ ಒಗಟಿಗೆ ಉತ್ತರ ಸಿಕ್ಕ ಖುಷಿಯೂ ಹೌದು. ಆದರೂ ಶೆಡ್ಡಿನ ಪರ ವಾದಿಸದೆ ಇರಲಾಗಲಿಲ್ಲ. “ಹನಿ ಹಾಕಿದ್ರೆ ಹೋಗ್ತಿತ್ತಲ್ಲ ಮೇಡಂ?”

“ಕೆಂಪು ಹೋಗ್ತಿತ್ತು, ಉರಿಯೂತ ಒಳಗೇ ಇರ್ತಿತ್ತು. ಅದು ಸ್ಟೀರಾಯ್ಡ್ ಹನಿಯೇ ಇರ್ಬೇಕು, ನಾನು ಬರೆಯೋದೂ ಅದೇ ಬಗೆಯದೇ. ಆದ್ರೆ ಮೊದಲು ಗಂಟೆಗೊಂದು ಸಲ, ಆಮೇಲೆ ನಾನು ಹೇಳಿದ ಹಾಗೆ ಇಳಿಸ್ತಾ ಬರಬೇಕು. ಯಾರೂ ನೋಡದೆ ಹಾಕ್ಕೊಂಡ್ರೆ ಕಣ್ಣಿನ ಒತ್ತಡ ಏರಿ, ಮೊದಲು ಪಕ್ಕದ ನೋಟ ಮಸುಕಾಗಿ, ಆಮೇಲೆ ದೃಷ್ಟಿನೇ ಹೋಗ್ಬಹುದು. ಈಗಾಗ್ಲೇ ನಿಮ್ಮ ಪಾಪೆಯ ಅಂಚು ಹಿಂದಿನ ಮಸೂರಕ್ಕೆ ಅಂಟ್ಕೊಳ್ತಿದೆ.”

“ಬೆಸುಗೆ ಬಿದ್ದ ಹಾಗಾ?”

“ಹಾಗೇ. ಹೊಸದು, ಬಿಡಿಸಬಹುದು. ಹಳೇದಾದ್ರೆ ಕಷ್ಟ.”

ಬೆಸುಗೆ ಬಿಡಿಸುವ ಕಷ್ಟ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಪಾಪೆ ಅಗಲಿಸುವ ಹನಿ ಬಿದ್ದಿತು. ಹೆಂಡತಿ ಮೊಬೈಲಿನಲ್ಲಿ ಗಂಟೆಗೊಂದು ಅಲಾರಂ ಇಟ್ಟಳು. ಎಕ್ಸ್‌ರೇಯಲ್ಲಿ ಸೊಂಟದ ಕೀಲಿನ ಉರಿಯೂತ ಸಿಕ್ಕಿಬಿತ್ತು, ಕೀಲಿನ ಡಾಕ್ಟರು ಮಾತ್ರೆಯನ್ನೂ ವ್ಯಾಯಾಮವನ್ನೂ ಶುರು ಮಾಡಿಸಿದರು. ಶೆಡ್ಡಿನಲ್ಲಿ ಮೇಸ್ತ್ರಿ, “ಸೊಂಟಕ್ಕೂ ಕಣ್ಣಿಗೂ ಏನೋ ನಂಟು?” ಎಂದು ಬಿದ್ದು ಬಿದ್ದು ನಕ್ಕ. ಮೂರನೆಯ ವಾರ ಆಸ್ಪತ್ರೆಯ ಗೋಡೆಯ ಪಟ್ಟಿಯ ಕೊನೆಯ ಸಾಲನ್ನು ಬಲಗಣ್ಣೊಂದರಿಂದಲೇ ಓದಿದ ಕಿಡಿ, ಹೊರಗೆ ಕಾಯುತ್ತಿದ್ದವರಿಗೆಲ್ಲ ಕೇಳುವಂತೆ “ಓದಿಬಿಟ್ಟೆ ಕಣೇ!” ಎಂದು ಕೂಗಿದ.

ಎರಡು ತಿಂಗಳಾಯಿತು. ಕಾರ್ಖಾನೆಯೊಂದರ ದೊಡ್ಡ ಗೇಟನ್ನು ಲಾರಿಗೆ ಏರಿಸುವ ಹೊತ್ತು. ಎಲ್ಲರೂ “ಹಿಡಿ, ಎತ್ತು” ಎನ್ನುತ್ತಿರುವಾಗಲೇ ಕಿಡಿ ಕೈಗವಸು ಕಳಚಿದ.

“ಎಲ್ಲಿಗೋ?”

“ಕಣ್ಣು ತೋರಿಸೋ ದಿನ ಮೇಸ್ತ್ರಿ. ಇನ್ನರ್ಧ ಗಂಟೆಲಿ ಅಲ್ಲಿರಬೇಕು.”

“ಕಣ್ಣು ಹಾಲಿನ ಹಾಗೆ ಬೆಳ್ಳಗಿದೆ! ಏನೂ ಆಗದೆ ಇದ್ರೂ ಆಸ್ಪತ್ರೆಗೆ ಹೋಗ್ತಾರೇನೋ?”

“ಬೆಳ್ಳಗಾಯ್ತು ಅಂತ ಮೂರು ಸಲ ಹಾಗೇ ಬಿಟ್ಟೆ ಮೇಸ್ತ್ರಿ. ನಾಲ್ಕನೇ ಸಲವೂ ಬಿಡೋಕೆ ನನ್ನ ಹತ್ರ ಇನ್ನೊಂದು ಕಣ್ಣಿಲ್ಲ.”

ಮೇಸ್ತ್ರಿ ಕಿಡಿ ಬಿಟ್ಟ ಜಾಗಕ್ಕೆ ತಾನೇ ಹೋಗಿ ನಿಂತು, ಗೇಟಿನ ತುದಿಗೆ ಭುಜ ಕೊಟ್ಟ.

“ಹೋಗು, ಇದನ್ನ ನಾನು ನೋಡ್ಕೊಳ್ತೀನಿ,” ಎಂದ. ಆಮೇಲೆ ಬೇರೆಯವರಿಗೆ ಕೇಳಿಸದಂತೆ, “ಅಲ್ಲಿ ನನ್ನ ಹೆಸರಿಗೂ ಒಂದು ಚೀಟಿ ಮಾಡಿಸೋ. ಪಕ್ಕದಿಂದ ಬರೋರು ಈಚೆಗೆ ನನಗೆ ಸರಿಯಾಗಿ ಕಾಣ್ತಿಲ್ಲ.”