ಯಜಮಾನರ ಮಗಳ ಹೆಸರಿನ ಬಳ್ಳಿ

ಕತ್ತರಿಸಿದ ಬಳ್ಳಿಯಿಂದ ಒಸರುವ ಹಾಲು ತಾಗಿ ತಾಗಿ ಅವಳ ಹತ್ತು ಬೆರಳೂ ಸಿಪ್ಪೆ ಸುಲಿದಿದ್ದವು. ಊಟಕ್ಕೆ ಕೂತರೆ ಉಪ್ಪುಖಾರ ಹತ್ತಿ ಕಣ್ಣಲ್ಲಿ ನೀರು. ಗ್ಲೌಸ್ ಕೇಳಿದಾಗಲೆಲ್ಲ ನರ್ಸರಿಯ ಯಜಮಾನರು ನಗುತ್ತಿದ್ದರು.

"ಗ್ಲೌಸ್ ಹಾಕಿದ್ರೆ ನಿನ್ನ ಕೈಗುಣ ಹೋಗ್ಬಿಡುತ್ತೆ ಬಳ್ಳಿಯಕ್ಕಾ."

ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಗೊಬ್ಬರದ ಶೆಡ್ಡಿನ ಪಕ್ಕದ ಕೋಣೆಯಲ್ಲಿ ಒಬ್ಬಳೇ ಇದ್ದಳು. ಭಾನುವಾರ ಕೆಲಸದವರು ಬರುತ್ತಿರಲಿಲ್ಲ. ಇಡೀ ದಿನ ಮಾತಿಗೆ ಜನವಿಲ್ಲದೆ, ಸೋಮವಾರ ಬಾಯಿ ತೆರೆದರೆ ದನಿಯೇ ಹೊರಡುತ್ತಿರಲಿಲ್ಲ.

ಅಂಥದೊಂದು ಭಾನುವಾರವೇ ಅವಳು ಅದನ್ನು ಕಂಡದ್ದು. ಬೇಲಿಗೆ ಹಬ್ಬಿ ವರ್ಷವಿಡೀ ಹಸುರಾಗಿರುತ್ತಿದ್ದ ಬಿಳಿ ಹೂವಿನ ಬಳ್ಳಿಯಲ್ಲಿ ಒಂದೇ ಒಂದು ಕುಡಿ ಗುಲಾಬಿ ಬಣ್ಣದ ಹೂ ಬಿಟ್ಟಿತ್ತು. ಘಮವೂ ಬಿಳಿಯದರ ಎರಡರಷ್ಟು. ಆ ಕುಡಿಯ ಕಡ್ಡಿ ನೆಟ್ಟರೆ ಬೇರು ಬಿಡದೆ ಕೊಳೆಯುತ್ತಿತ್ತು. ಆರು ವರ್ಷ ಹಟ ಹಿಡಿದಳು. ಕೊನೆಗೂ ಉಪಾಯ ಕೈಗೆ ಹತ್ತಿತು. ಒಂದು ಕಡ್ಡಿ ಚಿಗುರಿತು, ಆಮೇಲೆ ನಲವತ್ತು.

ಪುಷ್ಪ ಪ್ರದರ್ಶನದಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು. ಫಲಕದಲ್ಲಿ ಬಳ್ಳಿಗೆ ಯಜಮಾನರ ಮಗಳ ಹೆಸರು. ಅದರ ಕೆಳಗೆ 'ಕಂಡುಹಿಡಿದವರು' ಎಂದು ಯಜಮಾನರದೇ ಹೆಸರು. ಕುಂಡ ಇಳಿಸಲು ಹೋಗಿದ್ದವಳು ಓದುತ್ತಾ ನಿಂತುಬಿಟ್ಟಳು.

"ಇಳಿಸಿ ಆಯ್ತಲ್ಲಮ್ಮಾ, ಹೊರಗೆ ನಡಿ" ಎಂದ ಕಾವಲುಗಾರ.

"ಇದು ನಾನು ಬೆಳೆಸಿದ್ದಪ್ಪಾ."

"ಆಯ್ತಾಯ್ತು, ನಡಿ."

ಮರುವಾರ ಸಾವಿರ ಗಿಡಕ್ಕೆ ಬೇಡಿಕೆ ಬಂತು. ಯಜಮಾನರು ನೋಟ್‌ಬುಕ್ ಹಿಡಿದು ಬಂದರು.

"ಬೇರು ಬರಿಸೋದು ಹೇಗೆ ಹೇಳು, ಬರ್ಕೋತೀನಿ."

"ಕಂಡುಹಿಡಿದವರು ನೀವಲ್ವಾ ಯಜಮಾನ್ರೇ? ನನ್ನನ್ಯಾಕೆ ಕೇಳ್ತೀರಿ?"

ಅವರ ಮುಖ ಕೆಂಪೇರಿತು. "ಇವತ್ತೇ ಕೋಣೆ ಖಾಲಿ ಮಾಡು!"

ಇಪ್ಪತ್ತೆರಡು ವರ್ಷದ ಬದುಕು ಒಂದು ಟ್ರಂಕಿನಲ್ಲಿ ಹಿಡಿಯಿತು. ಶೆಡ್ಡಿನಲ್ಲಿ ಕೆಲಸಕ್ಕೆ ಕೂತಿದ್ದ ಹೆಂಗಸರು ತಲೆ ಎತ್ತಲಿಲ್ಲ. ಹೋಗಿ ಬಾ ಎನ್ನಲೂ ಒಬ್ಬರಿಲ್ಲ. ಗೇಟು ದಾಟಿದವಳು ಎಡಕ್ಕೆ ಹೋಗುವುದೋ ಬಲಕ್ಕೆ ಹೋಗುವುದೋ ತೋಚದೆ ನಿಂತಳು.

ಒಳಗೆ ಯಜಮಾನರ ದನಿ ಕೇಳಿಸಿತು: "ಕುಳ್ಳೀ, ಎರಡು ವರ್ಷದಿಂದ ಅವಳ ಪಕ್ಕದಲ್ಲೇ ಕೂತು ಕೆಲಸ ಮಾಡಿದೀಯ. ನಿನಗೆ ಗೊತ್ತಿರುತ್ತೆ. ಹೇಳು, ಅವಳ ಜಾಗ ನಿನಗೇ ಕೊಡ್ತೀನಿ."

ಬಳ್ಳಿಯಕ್ಕ ಗೇಟಿನತ್ತ ತಿರುಗಿದಳು. ಕುಳ್ಳಿಗೆ ಎಲ್ಲವನ್ನೂ ಕೈಹಿಡಿದು ಕಲಿಸಿದವಳು ಅವಳೇ.

"ನಂಗೊತ್ತಿಲ್ಲ" ಎಂದಳು ಕುಳ್ಳಿ. ಆಮೇಲೆ ಗೇಟಿನಾಚೆಗೂ ಕೇಳುವಷ್ಟು ಜೋರಾಗಿ ಹೇಳಿದಳು: "ಬಳ್ಳಿ ಅಕ್ಕಂದು. ಅಕ್ಕನ್ನೇ ಕೇಳಿ."

"ನಿನಗೆ ಗೊತ್ತೇನೇ?" ಯಜಮಾನರು ಇನ್ನೊಬ್ಬಳನ್ನು ಗದರಿದರು.

"ಅಕ್ಕನ್ನೇ ಕೇಳಿ."

ಬಳ್ಳಿಯಕ್ಕ ಗೇಟಿಗೆ ಅಡ್ಡಲಾಗಿ ಟ್ರಂಕು ಇಳಿಸಿ, ಅದರ ಮೇಲೆ ಕೂತಳು.