ಕಾವು ಏರುವ ಹೊತ್ತು

ತೊಟ್ಟಿಯ ನೀರು ಎಂಬತ್ತು ಡಿಗ್ರಿ ಮುಟ್ಟುತ್ತಿದ್ದಂತೆ ಬಣ್ಣ ಹಾಕುವ ಆ ಶೆಡ್ಡಿನಲ್ಲಿ ಮಾತು ನಿಲ್ಲುತ್ತಿತ್ತು. ಅಪ್ಪನ ಕಾಲದಿಂದ ಬಂದ ಕಟ್ಟುಪಾಡು ಅದು. ಥರ್ಮಾಮೀಟರಿನ ಮುಂದೆ ನಿಂತವರು ಅಂಗೈ ಎತ್ತಿದರೆಂದರೆ ಮುಗಿಯಿತು, ಕೆಮ್ಮು ಬಂದವರೂ ಹೊರಗೆ ಹೋಗಿ ಕೆಮ್ಮಿ ಬರಬೇಕು. ಅಪ್ಪ ಹೋದ ಮೇಲೆ ಆ ಜಾಗದಲ್ಲಿ ನಿಂತವಳು ಅಕ್ಕ. ಒಡಹುಟ್ಟಿದವನೆಂದು ಅವಳಿಗಿದ್ದದ್ದು ಒಬ್ಬನೇ ತಮ್ಮ. ಆದರೆ ನೂಲಿನ ಲಡಿ ಬಿಡಿಸುವ ಹೆಂಗಸರಿಂದ ಹಿಡಿದು ಅವಳಿಗಿಂತ ಎಷ್ಟೋ ದೊಡ್ಡವನಾದ ಬಾಯ್ಲರಿನವನ ತನಕ ಎಲ್ಲರ ಬಾಯಲ್ಲೂ ಅವಳು ಅಕ್ಕನೇ.

ಆ ಕಟ್ಟುಪಾಡಿಗೆ ಕಾರಣವಿತ್ತು. ಅವರು ಬಣ್ಣ ಹಾಕುತ್ತಿದ್ದದ್ದು ಸ್ವೆಟರು, ಹೊದಿಕೆಗಳಿಗೆ ಹೋಗುವ ಅಕ್ರಿಲಿಕ್ ನೂಲಿಗೆ. ಅದಕ್ಕೆ ಹಿಡಿಯುವುದು ಕ್ಯಾಟಯಾನಿಕ್ ಎಂಬ ಜಾತಿಯ ಬಣ್ಣ. ಎಂಬತ್ತರವರೆಗೆ ಈ ನೂಲು ಬಾಗಿಲು ಹಾಕಿಕೊಂಡು ಕೂತಿರುತ್ತದೆ. ಅಲ್ಲಿಂದ ಮೇಲೆ ಬಾಗಿಲು ತೆರೆಯುತ್ತದೆ, ಬಣ್ಣ ಬಸ್ಸಿಗೆ ಮುಗಿಬೀಳುವ ಜನರ ಹಾಗೆ ನುಗ್ಗುತ್ತದೆ. ಮುಂದಿದ್ದ ಎಳೆಗೆ ಎಲ್ಲವೂ, ಹಿಂದಿದ್ದ ಎಳೆಗೆ ಏನೂ ಇಲ್ಲ. ಒಮ್ಮೆ ಕೂತ ಬಣ್ಣವನ್ನು ಮತ್ತೆ ಎಬ್ಬಿಸಿ ಸರಿಯಾಗಿ ಹಂಚುವುದು ಆಗದ ಮಾತು. ಅದಕ್ಕೇ ಕುದಿಯವರೆಗಿನ ಆ ಕೆಲವು ಡಿಗ್ರಿಗಳನ್ನು, ಗಮನ ಅತ್ತಿತ್ತ ಹೋಗದೆ, ಹಬೆಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಒಂದೊಂದಾಗಿ ಹತ್ತಿಸಬೇಕು. ಬಣ್ಣಕ್ಕಿಂತ ಮೊದಲು ತೊಟ್ಟಿಗೆ ಸುರಿಯುವ ಇನ್ನೊಂದು ದ್ರವವಿದೆ, ತನಗೆ ಯಾವ ಬಣ್ಣವೂ ಇಲ್ಲದ್ದು. ಅದು ಮುಂಚೆಯೇ ಹೋಗಿ ನೂಲಿನಲ್ಲಿ ಜಾಗ ಹಿಡಿದಿರುತ್ತದೆ, ಬಣ್ಣ ಬಂದ ಹಾಗೆ ಒಂದೊಂದೇ ಜಾಗ ಬಿಟ್ಟುಕೊಡುತ್ತದೆ. ಬಾಯ್ಲರಿನವನು ಅದಕ್ಕೆ ‘ತಾಳುನೀರು’ ಎಂದು ಹೆಸರಿಟ್ಟ ಮೇಲೆ ಅದರ ನಿಜವಾದ ಹೆಸರು ಎಲ್ಲರಿಗೂ ಮರೆತುಹೋಗಿತ್ತು.

“ಒಂದು ಲೋಟ ಕೊಡಕ್ಕಾ ಇದನ್ನ, ನಮ್ಮವಳ ಟೀಗೆ ಹಾಕ್ತೀನಿ” ಎನ್ನುತ್ತಿದ್ದ.

“ನೀನೇ ಕುಡಿ. ಅವಳು ನಿನ್ನ ಕಟ್ಕೊಂಡಾಗಲೇ ಒಂದು ಡ್ರಮ್ಮು ಕುಡಿದಿದ್ದಾಳೆ” ಎಂದು ಅವನ ಬಾಯಿ ಮುಚ್ಚಿಸುತ್ತಿದ್ದವನು ತಮ್ಮ.

ತಮ್ಮನ ಕೆಲಸ ಬಣ್ಣ ಹುಡುಕಿ ತರುವುದು. ಎಲ್ಲಿಗೆ ಹೋದರೂ ಒಂದು ಸ್ಯಾಂಪಲ್ ಡಬ್ಬಿ ಹಿಡಿದೇ ಬರುತ್ತಿದ್ದರಿಂದ ಶೆಡ್ಡಿನಲ್ಲಿ ಅವನ ಹೆಸರೇ ಡಬ್ಬಿ. ಅಂಗಿಯ ಜೇಬಿನಲ್ಲಿ ನೂಲಿನ ತುಂಡುಗಳು, ಉಗುರುಗಳಲ್ಲಿ ಆ ವಾರದ ಬಣ್ಣ. ಈ ಪುಡಿಯ ಒಂದು ಕಣ ಬೆವರಿದ ಚರ್ಮಕ್ಕೆ ತಾಗಿದರೆ ಸಾಕು, ಯಾವ ಸೋಪಿಗೂ ಜಗ್ಗುವುದಿಲ್ಲ. ಮದುವೆಗೆ ಹೆಣ್ಣು ನೋಡಲು ಹೋದಾಗಲೂ ಅವನ ಒಂದು ಕೈ ನೇರಳೆ, ಇನ್ನೊಂದು ಹಳದಿ. ಹೆಣ್ಣಿನ ಕಡೆಯವರು ಏನೋ ಕಾಯಿಲೆಯೆಂದು ತಿಳಿದರು. “ಕಾಯಿಲೆ ಅಲ್ಲ, ನಮ್ಮಕ್ಕ” ಎಂದು ಹೇಳಿ ಬಂದಿದ್ದ. ಅದನ್ನು ನೆನೆದು ಅಕ್ಕ ಎಷ್ಟೋ ದಿನ ನಕ್ಕಿದ್ದಳು.

ಎರಡು ವರ್ಷದ ಹಿಂದೆ ಅವರು ಬಳಸುತ್ತಿದ್ದ ಕೆಂಪು ಸಿಗುವುದು ನಿಂತಿತು. ಮಾಡುತ್ತಿದ್ದ ಕಾರ್ಖಾನೆಯವರು ಆ ವಿಭಾಗವನ್ನೇ ಮುಚ್ಚಿದ್ದರು. ಅದೇ ಹೊತ್ತಿಗೆ ಶಾಲೆಗಳ ಸ್ವೆಟರ್ ಹೆಣೆಯುವ ಕಂಪನಿಯೊಂದು ಮರೂನ್ ಬಣ್ಣದ ನೂಲು ಕೇಳಿತ್ತು. ಅವರ ಮರೂನಿಗೆ ಕೆಂಪು, ಹಳದಿ, ನೀಲಿ ಮೂರೂ ಬೇಕು. ಹಳೆಯ ನೂಲಿನ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿ ಅಂಗಡಿ ಸುತ್ತಿದವನು ತಮ್ಮ. ಒಬ್ಬನಲ್ಲಿ ಕೆಂಪು ಇಟ್ಟಿಗೆಯ ಹಾಗೆ ಬಂತು, ಇನ್ನೊಬ್ಬನಲ್ಲಿ ಗುಲಾಬಿಗೆ ತಿರುಗಿತು. ಕೊನೆಗೆ ಗೋದಾಮಿನ ಬೀದಿಯ ಒಬ್ಬ ವ್ಯಾಪಾರಿಯ ಹತ್ತಿರ ಸರಿಹೊಂದುವುದು ಸಿಕ್ಕಿತು. ಅಕ್ಕ ಅದನ್ನು ಸ್ಟೀಲ್ ಲೋಟದಲ್ಲಿ, ಬೆರಳಿನಷ್ಟು ನೂಲಿಗೆ ಹಾಕಿ ಕುದಿಸಿ ನೋಡಿದಳು. ಹಳೆಯ ತುಂಡಿನ ಪಕ್ಕದಲ್ಲಿ, ಬಾಗಿಲ ಬೆಳಕಿನಲ್ಲಿ ಹಿಡಿದರೆ ಯಾವುದು ಹಳೆಯದು ಯಾವುದು ಹೊಸದು ಎಂದು ಅವಳಿಗೇ ಹೇಳಲಾಗಲಿಲ್ಲ.

ಆ ಸಂಜೆ ಲಡಿಗಳನ್ನು ತೊಟ್ಟಿಗೆ ಇಳಿಬಿಡುವ ಕೋಲಿಗೆ ಏರಿಸುವಾಗ ತಮ್ಮ ಸುಮ್ಮನೆ ಸುತ್ತಾಡುತ್ತಿದ್ದ.

“ಏನೋ ಅದು? ಇರುವೆ ಬಿಟ್ಕೊಂಡವನ ಥರ ಆಡ್ತಿದೀಯಾ?”

“ಅಕ್ಕಾ, ನಾಳೆ ಒಂದು ಸಲ ಆ ವ್ಯಾಪಾರಿನ ಕೇಳ್ಕೊಂಡು ಬರ್ತೀನಿ. ಈ ಕೆಂಪಿನ ಓಟ ಹೇಗೆ, ನೂಲಿಗೆ ಎಷ್ಟು ಬೇಗ ಹತ್ತುತ್ತೆ ಅಂತ. ನಮ್ಮ ಹಳದಿ, ನೀಲಿ ಎರಡೂ ನಿಧಾನದವು. ಇದು ಅವುಗಳ ಜೊತೆ ಹೆಜ್ಜೆ ಹಾಕುತ್ತೋ ಇಲ್ವೋ.”

“ಲೋಟದಲ್ಲಿ ಬಂತಲ್ಲ.”

“ಲೋಟದಲ್ಲಿ ಎಲ್ಲಾನೂ ಬರುತ್ತೆ. ಕೊನೆಗೆ ಎಲ್ಲಾ ಬಂದು ಸೇರುತ್ತೆ, ಯಾವುದು ಮೊದಲು ಓಡಿತು ಅಂತ ಲೋಟ ಹೇಳಲ್ಲ. ಮಧ್ಯಾಹ್ನದ ತನಕ ತಡಿ.”

ಸ್ವೆಟರಿನವರು ಬೆಳಿಗ್ಗೆಯಷ್ಟೇ ಮತ್ತೊಮ್ಮೆ ಫೋನ್ ಮಾಡಿ ಅವಸರ ಮಾಡಿದ್ದರು. ಬಾಯ್ಲರಿನವನು, ಲಡಿಯ ಹೆಂಗಸರು ಎಲ್ಲರೂ ಅಲ್ಲೇ ಇದ್ದರು. ಅಕ್ಕ ತಲೆಯೆತ್ತದೆ ಹೇಳಿದಳು: “ಡಬ್ಬಿ ತರೋದು ನಿನ್ನ ಕೆಲಸ. ಬೇಯಿಸೋದು ನಂದು. ತೊಟ್ಟಿ ಹತ್ತಿರ ನಿನ್ನ ಪುರಾಣ ಬೇಡ.”

ಹೆಂಗಸರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ತಮ್ಮನೂ ನಕ್ಕ, ತಡವಾಗಿ.

ಮರುದಿನ ಅವಳು ಬೆಳಿಗ್ಗೆಯೇ ತೊಟ್ಟಿ ಶುರುಮಾಡಿದಳು. ಕಾವು ಎಂಬತ್ತರ ಹತ್ತಿರ ಬಂದಾಗ ಶೆಡ್ಡಿನ ಬಾಗಿಲಲ್ಲಿ ಬೆಳಕು ಕದಲಿತು. ತಮ್ಮ ನಿಂತಿದ್ದ. ಓಡಿಬಂದವನ ಹಾಗೆ ಎದೆ ಏರಿಳಿಯುತ್ತಿತ್ತು, ಬಾಯಿ ಅರ್ಧ ತೆರೆದಿತ್ತು. ಅಕ್ಕ ತಿರುಗಿ ನೋಡಲೂ ಇಲ್ಲ. ಎಡಗೈಯ ಅಂಗೈ ಎತ್ತಿದಳು. ಬಲಗೈ ತಿರುಪಿನ ಮೇಲಿತ್ತು.

ಅವನು ಇನ್ನೂ ನಿಂತೇ ಇದ್ದಾನೆಂದು ಬೆನ್ನಿಗೇ ತಿಳಿಯುತ್ತಿತ್ತು. ಅಂಗೈಯನ್ನು ಇನ್ನೊಂದು ಗೇಣು ಮೇಲೆತ್ತಿದಳು. ಸ್ವಲ್ಪ ಹೊತ್ತಿಗೆ ಬಾಗಿಲಿನ ಬೆಳಕು ಮೊದಲಿನ ಹಾಗಾಯಿತು.

ತೊಟ್ಟಿಯಿಂದ ಎತ್ತಿದಾಗ ಪ್ರತಿ ಲಡಿಯೂ ಹೊರಗೆ ಕೆಂಪುಕೆಂಪಾಗಿ, ಕೋಲಿಗೆ ತಾಗಿದ ಒಳಭಾಗದಲ್ಲಿ ತುಕ್ಕು ಬಣ್ಣವಾಗಿತ್ತು. ಕೆಂಪು ಮುಂದೆ ಓಡಿ ಹೊರಗಿನ ಜಾಗವನ್ನೆಲ್ಲ ಹಿಡಿದಿತ್ತು, ಹಳದಿ ನೀಲಿಗಳು ಮಿಕ್ಕಿದ್ದರಲ್ಲಿ ತೂರಿಕೊಂಡಿದ್ದವು. ಅಕ್ಕ ಒಂದು ಲಡಿಯನ್ನು ಹಿಡಿದುಕೊಂಡೇ ಹಿಂದಿನ ಅಂಗಳಕ್ಕೆ ಹೋದಳು. ತಮ್ಮ ಖಾಲಿ ಡ್ರಮ್ಮಿನ ಮೇಲೆ ಕೂತಿದ್ದ. ನೀರು ತೊಟ್ಟಿಕ್ಕುತ್ತಿದ್ದ ಆ ಲಡಿಯನ್ನು ಅವನ ತೊಡೆಯ ಮೇಲೆ ಹಾಕಿದಳು.

“ನೋಡು, ನೀನು ತಂದ ಕೆಂಪು. ಊರೆಲ್ಲ ಸುತ್ತಿ ಇದನ್ನಾ ಹೊತ್ಕೊಂಡು ಬಂದಿದ್ದು? ಅಪ್ಪ ಇದ್ದಿದ್ರೆ ನಿನ್ನ ಈ ಬಾಗಿಲು ಹತ್ತೋಕೆ ಬಿಡ್ತಿರಲಿಲ್ಲ.”

ಅವನು ಅವಳ ಮುಖ ನೋಡಿದ. ಏನೋ ಹೇಳುತ್ತಾನೆಂದು ಅವಳು ಕಾದಳು. ಹೇಳಿದ್ದರೆ ಜಗಳವಾಗುತ್ತಿತ್ತು. ಜಗಳವಾಗಿದ್ದರೆ ಮುಗಿಯುತ್ತಿತ್ತು. ಅವನು ಲಡಿಯನ್ನು ಮಡಚಿ ಡ್ರಮ್ಮಿನ ಮೇಲಿಟ್ಟು ಎದ್ದು ಹೋದ.

ವ್ಯಾಪಾರಿಯ ಫೋನು ಬಂದದ್ದು ಆ ಸಂಜೆ. “ಹೇಗಾಯ್ತಮ್ಮಾ? ನಿಮ್ಮ ತಮ್ಮ ಬೆಳಿಗ್ಗೆ ನಾನು ಕದ ತೆಗೆಯೋ ಮೊದಲೇ ಬಂದು ಕೂತಿದ್ದ. ಈ ಕೆಂಪು ಜೋರು ಓಟದ್ದು, ತಾಳೋದಕ್ಕೆ ಹಾಕೋ ದ್ರವ ಹೆಚ್ಚಿಗೆ ಹಾಕ್ಬೇಕು, ಇಲ್ಲಾಂದ್ರೆ ಹಳದಿ ನೀಲಿನೂ ಬದಲಾಯಿಸ್ಬೇಕು ಅಂತ ಹೇಳಿದೆ. ಚಪ್ಪಲಿ ಹಾಕ್ಕೊಳ್ಳೋಕೂ ನಿಲ್ಲದೆ ಓಡಿದ ಕಣಮ್ಮಾ. ಒಂದು ಜೊತೆ ಇಲ್ಲೇ ಬಿದ್ದಿದೆ.”

ಫೋನು ಇಟ್ಟ ಮೇಲೆ ಅಕ್ಕ ಅಂಗಳಕ್ಕೆ ಹೋಗಿ ನೋಡಿದಳು. ಡ್ರಮ್ಮಿನ ಬುಡದ ಒದ್ದೆ ನೆಲದಲ್ಲಿ ಬರಿಗಾಲಿನ ಗುರುತುಗಳಿದ್ದವು.

ನಾಳೆ ಹೇಳೋಣವೆಂದುಕೊಂಡಳು. ಆದರೆ ನಾಳೆ ಆ ನೂಲಿನ ಗತಿ ನೋಡಬೇಕಿತ್ತು. ಕೆಟ್ಟದ್ದನ್ನು ಮುಚ್ಚಲು ಇರುವುದು ಒಂದೇ ದಾರಿ, ಕಪ್ಪು. ಎಲ್ಲವನ್ನೂ ಕಪ್ಪಿಗೆ ಹಾಕಿದಳು. ಅದರ ಮರುದಿನ ಸ್ವೆಟರಿನವರ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು. ತಮ್ಮನ ಎದುರು ಹೋದಾಗಲೆಲ್ಲ ಹೇಳಬೇಕೆಂದಿದ್ದ ಮಾತು “ಊಟ ಆಯ್ತಾ?” ಎಂದಾಗುತ್ತಿತ್ತು. “ಆಯ್ತು” ಎನ್ನುತ್ತಿದ್ದ. ಒಂದು ಸಲ ಬಾಯ್ಲರಿನವನೇ ತಡೆಯಲಾರದೆ ಕೇಳಿದ: “ಏನಕ್ಕಾ, ಅಕ್ಕ ತಮ್ಮ ಇಬ್ಬರೂ ತಾಳುನೀರು ಕುಡಿದಿದ್ದೀರಾ?” ಯಾರೂ ನಗಲಿಲ್ಲ. ಆ ತಿಂಗಳ ಕೊನೆಗೆ ತಮ್ಮ ಗೋದಾಮಿನ ಬೀದಿಯ ಅದೇ ವ್ಯಾಪಾರಿಯ ಬಳಿ ಕೆಲಸಕ್ಕೆ ಸೇರಿದ. ಮನೆಯನ್ನೂ ಆ ಕಡೆಗೇ ಬದಲಾಯಿಸಿದ. ಹೋಗುವಾಗ ಅವಳು ‘ಬೇಡ’ ಎನ್ನಲಿಲ್ಲ. ಅವನಿಗೆ ಅದೇ ಬೇಕಿದ್ದರೆ ತಡೆಯಲು ತಾನು ಯಾರು ಎಂದುಕೊಂಡಳು. ಅದು ಸೌಜನ್ಯವೆಂದು ಆಗ ಅನ್ನಿಸಿತ್ತು.

ಆ ಮೇಲೆ ಅವನು ಅವಳ ಶೆಡ್ಡಿಗೆ ಬಂದದ್ದು ಬಣ್ಣ ಮಾರುವವನಾಗಿ. ತಿಂಗಳಿಗೊಮ್ಮೆ ಬರುತ್ತಿದ್ದ, ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದ, ಯಾವುದರ ಓಟ ಎಷ್ಟು ಎಂದು ಕೇಳುವ ಮೊದಲೇ ಹೇಳುತ್ತಿದ್ದ. ಅವನ ಉಗುರುಗಳು ಬೆಳ್ಳಗಾಗಿದ್ದವು. ಮೊದಲ ಸಲ ಅದನ್ನು ಕಂಡಾಗ ಅವಳಿಗೆ ಯಾರದೋ ಕೈ ನೋಡಿದ ಹಾಗಾಯಿತು. ಕಪ್ಪಾದ ನೂಲು ಇನ್ನೂ ಮೂಲೆಯ ಹಲಗೆಯ ಮೇಲಿತ್ತು. ಯಾರಾದರೂ ಕೇಳಿದರೆ ಒಂದೆರಡು ಲಡಿ ಹೋಗುತ್ತಿತ್ತು. ಬಿಸಿಲಿಗೆ ಹಿಡಿದರೆ ಕಪ್ಪಿನ ಕೆಳಗೆ ಕೆಂಪು ಕಾಣಿಸುತ್ತಿತ್ತು.

ಹೋದ ವಾರ ವ್ಯಾಪಾರಿ ಫೋನಿನಲ್ಲಿ ಬೇರೆ ಏನನ್ನೋ ಹೇಳುತ್ತ ಈ ಸುದ್ದಿಯನ್ನೂ ಹೇಳಿದ. ವ್ಯಾಪಾರಿ ದೂರದ ಬಂದರಿನ ಊರಿನಲ್ಲಿ ಹೊಸ ಅಂಗಡಿ ತೆರೆಯುತ್ತಿದ್ದಾನೆ, ಅದನ್ನು ನೋಡಿಕೊಳ್ಳಲು ಅವಳ ತಮ್ಮನೇ ಹೆಂಡತಿ ಮಕ್ಕಳೊಂದಿಗೆ ಅಲ್ಲಿಗೆ ಹೋಗುತ್ತಾನೆ. ಮುಂದಿನ ತಿಂಗಳಿಂದ ಬೇರೆಯವರು ಬರುತ್ತಾರೆ. “ನಿಮಗೆ ಗೊತ್ತೇ ಇರುತ್ತಲ್ಲ” ಎಂದ. “ಹ್ಞೂಂ, ಗೊತ್ತು” ಎಂದಳು ಅಕ್ಕ.

ಅವನು ಕೊನೆಯ ಸಲ ಬರುವ ದಿನ ಅವಳು ತೊಟ್ಟಿ ಹಾಕುವುದೇ ಬೇಡವೆಂದಿದ್ದಳು. ಬೆಳಿಗ್ಗೆಯಿಂದ ದಾರಿ ಕಾದಳು. ಹೇಳಬೇಕಾದ ಮಾತನ್ನು ಅಚ್ಚುಕಟ್ಟಾಗಿ ಜೋಡಿಸಿಕೊಂಡಿದ್ದಳು: ತಪ್ಪು ನಂದು, ನೀನು ಹೇಳೋಕೆ ಬಂದಿದ್ದೆ, ನಾನು ಕೈ ಎತ್ತಿದೆ. ಹೊತ್ತು ಏರಿತು, ಅವನು ಬರಲಿಲ್ಲ. ಬಾಯ್ಲರಿನವನು ಹಬೆ ಸುಮ್ಮನೆ ಹಾಳಾಗುತ್ತಿದೆ ಎಂದು ಗೊಣಗಿದ. ಹೆಂಗಸರು ಕೈಕಟ್ಟಿ ಕೂತಿದ್ದರು. ಕೊನೆಗೆ ಬೇಸತ್ತು ತೊಟ್ಟಿಗೆ ಲಡಿ ಇಳಿಸಿದಳು. ಮರೂನೇ, ಅದೇ ಜೋರು ಓಟದ ಕೆಂಪು. ಈಗ ಹಳದಿ ನೀಲಿಗಳಲ್ಲೂ ಅದಕ್ಕೆ ಸರಿಸಮವಾಗಿ ಓಡುವವನ್ನೇ ತಮ್ಮ ತಂದುಕೊಟ್ಟಿದ್ದ.

ಎಂಬತ್ತೆರಡಾದಾಗ ಬಾಗಿಲಲ್ಲಿ ಬೆಳಕು ಕದಲಿತು.

ಅವಳು ಈ ಸಲ ತಿರುಗಿದಳು. ತಮ್ಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ. ಹೊರಗೆ ವ್ಯಾನಿನ ಎಂಜಿನ್ನು ಓಡುತ್ತಲೇ ಇತ್ತು. ಬಾಯ್ಲರಿನವನು ಅಭ್ಯಾಸಬಲದಿಂದ ಅಕ್ಕನ ಎಡಗೈ ನೋಡಿದ. ಕೈ ಏಳಲಿಲ್ಲ.

“ಬಾರೋ” ಎಂದಳು. ಆ ಹೊತ್ತಿನಲ್ಲಿ ಅಲ್ಲಿ ಯಾರೂ ಕೇಳಿರದ ದನಿ. ಲಡಿಯ ಹೆಂಗಸರು ಮುಖ ಮುಖ ನೋಡಿಕೊಂಡರು. “ಒಂದು ಮಾತು. ಅವತ್ತು ನಾನು...”

ತಮ್ಮ ಥಟ್ಟನೆ ಅಂಗೈ ಎತ್ತಿದ.

ಅವನ ಕಣ್ಣು ಅವಳ ಮೇಲಿರಲಿಲ್ಲ, ಥರ್ಮಾಮೀಟರಿನ ಮೇಲಿತ್ತು. ಪಾದರಸ ಒಂದೇ ಸಮನೆ ಏರುತ್ತಿತ್ತು. ಮಾತಿನ ಭರದಲ್ಲಿ ಅವಳ ಬಲಗೈ ತಿರುಪಿನಿಂದ ಜಾರಿಹೋಗಿತ್ತು. ಅವನು ಎರಡೇ ಹೆಜ್ಜೆಯಲ್ಲಿ ಬಂದು ತಿರುಪನ್ನು ಇಷ್ಟೇ ಇಷ್ಟು ಮುಚ್ಚಿದ, ಎತ್ತಿದ ಅಂಗೈಯನ್ನು ಇಳಿಸದೆ. ಅಪ್ಪನ ಕೈಯೂ ಹಾಗೇ ಇರುತ್ತಿತ್ತು, ಹೆಬ್ಬೆರಳು ಸ್ವಲ್ಪ ಒಳಗೆ ಮಡಚಿ.

ಅವರು ಪಕ್ಕಪಕ್ಕದಲ್ಲಿ ನಿಂತರು. ಹಬೆಯ ಸಣ್ಣ ಶಿಳ್ಳೆ, ತೊಟ್ಟಿಗೆ ಬೆರೆಸಿದ ಆಸಿಡ್ಡಿನ ಹುಳಿ ವಾಸನೆ, ಕೋಲುಗಳನ್ನು ತಿರುವುವಾಗ ನೀರಿನ ಸದ್ದು. ಹೊರಗೆ ವ್ಯಾನಿನವನು ಒಮ್ಮೆ ಹಾರ್ನ್ ಹೊಡೆದ, ಮತ್ತೆ ಬೇಸತ್ತು ಎಂಜಿನ್ ಆರಿಸಿದ. ಅವಳು ತಿರುಪು ಹಿಡಿದಳು, ಅವನು ಅಂಕಿ ನೋಡಿದ. ಒಂದೊಂದೇ ಡಿಗ್ರಿ. ಅವಳಿಗೆ ಕಾವು ಏರುವುದೇ ಬೇಡವೆನ್ನಿಸಿತು. ಎಲ್ಲೋ ಎಂಬತ್ತೊಂಬತ್ತರಲ್ಲಿ ನಿಂತುಬಿಟ್ಟರೆ ಇವನೂ ಇಲ್ಲೇ ನಿಂತಿರುತ್ತಾನೆ.

ಕುದಿ ಬಂತು. ಆಮೇಲೆ ತೊಟ್ಟಿಯ ನೀರು ತಿಳಿಯಾಯಿತು, ಎಲ್ಲಾ ಬಣ್ಣ ನೂಲಿಗೆ ಹೋಗಿತ್ತು. ಕಾವು ಆರಿಸಿ, ತೊಳೆದು ಎತ್ತಿದ ಮೊದಲ ಲಡಿಯನ್ನು ತಮ್ಮ ತಾನೇ ಬಾಗಿಲ ಬೆಳಕಿಗೆ ಒಯ್ದ. ಹೊರಗೆ, ಒಳಗೆ, ಕೋಲು ತಾಗಿದ ಕಡೆ ಬಿಡಿಸಿ ನೋಡಿದ.

“ಚೆನ್ನಾಗಿ ಬಂದಿದೆ ಅಕ್ಕಾ.”

“ಅವತ್ತು ನೀನು ಹೇಳೋಕೇ ಓಡಿ ಬಂದಿದ್ದೆ” ಎಂದಳು ಅವಳು. ಜೋಡಿಸಿಟ್ಟುಕೊಂಡಿದ್ದ ಉಳಿದ ಮಾತುಗಳು ಒಂದೂ ಸಿಗಲಿಲ್ಲ. “ಚಪ್ಪಲೀನೂ ಹಾಕ್ಕೊಳ್ದೆ. ನನಗೆ ಅವತ್ತು ಸಂಜೆನೇ ಗೊತ್ತಾಯ್ತು.”

ಅವನು ಲಡಿಯಿಂದ ಕಣ್ಣು ತೆಗೆಯಲಿಲ್ಲ. “ಯಾವತ್ತಕ್ಕಾ?”

ಅವನಿಗೆ ನಿಜಕ್ಕೂ ನೆನಪಿಲ್ಲವೋ, ಬೇಕೆಂದೇ ಹಾಗೆ ಕೇಳಿದನೋ ಅವಳಿಗೆ ತಿಳಿಯಲಿಲ್ಲ. ಮೊದಲಾಗಿದ್ದರೆ ತಿಳಿಯುತ್ತಿತ್ತು. ಮುಖ ನೋಡಬೇಕಾಗಿಯೇ ಇರಲಿಲ್ಲ, ಸುಮ್ಮನಿರುವ ರೀತಿಯಿಂದಲೇ ತಿಳಿಯುತ್ತಿತ್ತು.

“ಅದೇ, ಎರಡು ವರ್ಷದ ಹಿಂದೆ, ಲಡಿ ಎಲ್ಲಾ ಹಾಳಾಯ್ತಲ್ಲ.”

“ಓ, ಅದಾ. ಬಿಡಕ್ಕಾ. ಇನ್ನೂ ತಲೇಲಿ ಇಟ್ಕೊಂಡಿದ್ದೀಯಾ?”

“ಅವತ್ತೇ ಯಾಕೆ ಬಾಯಿ ಬಿಡಲಿಲ್ಲ? ನಾನು ಅಷ್ಟೊಂದು ಬೈದ್ರೂ?”

ಅವನು ಲಡಿಯನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿದ. “ನೀನು ಕೇಳ್ತೀಯೇನೋ ಅಂತ ಕಾದೆ” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಯಾವುದೋ ಬಣ್ಣದ ಗುಣ ಹೇಳುವ ದನಿ. “ಹೊರಡ್ತೀನಿ. ವ್ಯಾನಿನವನಾಗಲೇ ಎರಡು ಸಲ ಗಡಿಯಾರ ನೋಡ್ದ. ಹೊಸಬರು ಬರ್ತಾರಲ್ಲ, ಅವರ ಹತ್ತಿರ ಓಟ ಕೇಳೋದು ಮರೀಬೇಡ. ತಾವಾಗೇ ಹೇಳಲ್ಲ ಅವರು.”

ಲಡಿಯ ಒದ್ದೆ ತುದಿಯನ್ನು ಎರಡು ಬೆರಳಿನಲ್ಲಿ ಒತ್ತಿ, ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿದ. ಸರಿಯಾಗಿ ಹಿಡಿದ ಬಣ್ಣ ಕೈಗೆ ಅಂಟುವುದಿಲ್ಲ. ಬೆರಳು ಬರಿದಾಗಿತ್ತು. ಆದರೂ ಕರವಸ್ತ್ರ ತೆಗೆದು ಒರೆಸಿಕೊಂಡು, ಲಡಿಯನ್ನು ಅವಳ ಕೈಗೆ ಕೊಟ್ಟ.

ವ್ಯಾನು ಹೋದ ಮೇಲೂ ಅವಳು ಬಾಗಿಲಲ್ಲೇ ಇದ್ದಳು. ಲಡಿಯ ನೀರು ಮೊಣಕೈಯಿಂದ ಇಳಿದು ನೆಲಕ್ಕೆ ಬೀಳುತ್ತಿತ್ತು. ಬಾಯ್ಲರಿನವನು ಹತ್ತಿರ ಬಂದು, ಏನೋ ಕೇಳಲು ಹೊರಟು, ಅಭ್ಯಾಸದಂತೆ ಅವಳ ಎಡಗೈ ನೋಡಿ ಸುಮ್ಮನಾದ.

“ಏನು? ಹೇಳು” ಎಂದಳು.

“ಏನಿಲ್ಲಕ್ಕಾ. ಇನ್ನೊಂದು ತೊಟ್ಟಿಗೆ ಹಬೆ ಬೇಕಾ ಅಂತ.”