ಅಣ್ಣ ಓದಿದ ಹಾಸ್ಯ

ಅವಳು ಬರೆದ ಹಾಸ್ಯಕ್ಕೆ ಬರಹಗಾರರ ಕೂಟದಲ್ಲಿ ಈವರೆಗೆ ಯಾರೂ ನಕ್ಕಿರಲಿಲ್ಲ. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಭಾನುವಾರ ಸೇರುವ ಆ ಕೂಟಕ್ಕೊಂದು ಕಟ್ಟಳೆಯಿತ್ತು: ಬರೆದವರು ತಮ್ಮದನ್ನು ತಾವು ಓದಬಾರದು, ತಮ್ಮದೆಂದು ಹೇಳಲೂಬಾರದು. ಬೇರೆಯವರ ಬಾಯಲ್ಲೂ ನಗಿಸಿದರೆ ಮಾತ್ರ ಅದು ಹಾಸ್ಯ ಎನ್ನುವುದು ಕೂಟ ನಡೆಸುವ ಮೇಷ್ಟ್ರ ವಾದ. ಅವಳ ಸಪ್ಪೆ ಬರಹಗಳನ್ನು ಕೇಳಿ ಬೇಸತ್ತು, ಬರೆದವರು ಯಾರೇ ಇರಲಿ, ಮನೆಯಲ್ಲಿ ಮುಟ್ಟಿದರೆ ನೋಯುವ ಜಾಗ ಹುಡುಕಲಿ ಎಂದಿದ್ದರು.

ಆ ಜಾಗ ಅವಳಿಗೆ ಗೊತ್ತಿತ್ತು. ಕೆಲಸ ಹೋದದ್ದನ್ನು ಅಣ್ಣ ಮನೆಯಲ್ಲಿ ಹೇಳಿರಲಿಲ್ಲ. ಈಗಲೂ ಅಂಗಿಗೆ ಇಸ್ತ್ರಿ ಹಾಕಿಕೊಂಡು, ಅತ್ತಿಗೆ ಕಟ್ಟಿಕೊಟ್ಟ ಡಬ್ಬಿ ಹಿಡಿದು ಹೊರಡುತ್ತಿದ್ದ. ಅವನು ಪಾರ್ಕಿನಲ್ಲಿ ಕೂತಿದ್ದನ್ನು ಅವಳೂ ಅತ್ತಿಗೆಯೂ ನೋಡಿದ್ದರು. ನೋಡಿಯೂ ತುಟಿ ಬಿಚ್ಚಿರಲಿಲ್ಲ. ಹೋಗೆಂದು ಹೇಳಲಾಗದ ನೆಂಟನಂತೆ ಮೌನ ಮನೆಯಲ್ಲಿ ಬೀಡುಬಿಟ್ಟಿತ್ತು.

ಅದನ್ನೇ ಬರೆದು, ಟೈಪು ಮಾಡಿ ಕೊಟ್ಟಳು.

ಆ ಭಾನುವಾರ ಅವಳನ್ನು ಕರೆದೊಯ್ಯಲು ಅಣ್ಣ ಬೇಗ ಬಂದು ಹಿಂದಿನ ಸಾಲಿನಲ್ಲಿ ಕೂತ. ಕೂಟದಲ್ಲಿ ಯಾವಾಗಲೂ ಎಲ್ಲರ ಬರಹ ಓದುವ ಟೈಲರ್‌ಗೆ ಗಂಟಲು ಕಟ್ಟಿತ್ತು. ಮೇಷ್ಟ್ರು ಹಾಳೆಯನ್ನು ಅಣ್ಣನ ಕೈಗಿತ್ತರು. ಮೊದಲ ಸಾಲು ಕೇಳುತ್ತಲೇ ಅದು ತನ್ನದೇ ಹಾಳೆಯೆಂದು ಅವಳಿಗೆ ತಿಳಿಯಿತು. ತಡೆದರೆ ಯಾರ ಕಥೆಯೆಂದು ಎಲ್ಲರಿಗೂ ಸಾರಿದಂತೆ. ತಡೆಯದಿದ್ದರೆ ಅವನೇ ಓದಬೇಕು.

ಅವನು ಓದಿದ. ಕಥೆಯಲ್ಲಿ ಪಾರ್ಕಿನ ಬೆಂಚಿಗೆ ಮ್ಯಾನೇಜರ್ ಆದವನೊಬ್ಬ ಪಾರಿವಾಳಗಳಿಗೆ ರಜೆ ಮಂಜೂರು ಮಾಡಿದ, ತಡವಾಗಿ ಬಂದ ನಾಯಿಗೆ ನೋಟಿಸು ಕೊಟ್ಟ. ಟೈಲರ್ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಅಣ್ಣನ ದನಿ ಮಾತ್ರ ಸಾಲುಸಾಲಿಗೂ ತಗ್ಗುತ್ತಿತ್ತು.

"ಹೆಂಡತಿ ಈಚೆಗೆ ಡಬ್ಬಿಗೆ ಎರಡು ತುತ್ತು ಜಾಸ್ತಿ ತುಂಬುತ್ತಾಳೆ," ಎಂದು ಓದಿ ನಿಂತ. ಓದುಗಾರಿಕೆಯ ವರಸೆ ಎಂದುಕೊಂಡು ಜನ ಇನ್ನಷ್ಟು ನಕ್ಕರು. ಆಮೇಲೆ ಉಳಿದದ್ದನ್ನು ಓದಿದ: "ಸಿಬ್ಬಂದಿ ಉಪವಾಸ ಇರಬಾರದಲ್ಲ."

ಮೇಷ್ಟ್ರು ಚಪ್ಪಾಳೆ ತಟ್ಟಿ, ಈ ವರ್ಷದಲ್ಲೇ ಒಳ್ಳೆಯ ಬರಹ ಇದು ಎಂದರು. ಅಣ್ಣ ಹಾಳೆಯನ್ನು ಮೇಜಿನ ಮೇಲೆ ಬೋರಲು ಇಟ್ಟ.

ಮನೆಗೆ ಹೋಗುವ ದಾರಿಯಲ್ಲಿ ಅಣ್ಣ ಕೇಳಿದ.

"ನಿನ್ನ ಅತ್ತಿಗೆಗೂ ಗೊತ್ತು, ಅಲ್ವಾ?"

"ಹೂಂ, ಅಣ್ಣ. ನಂಗಿಂತ ಮೊದ್ಲೇ."

ಅವನು ಬೀಗ ಹಾಕಿದ್ದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತ.

"ಹೇಗೋ ಹೊರಗೆ ಹೋಗೋಕೆ ಒಂದು ಜಾಗ ಇತ್ತು ಕಣೆ," ಎಂದ. "ಈಗ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ?"